ಬ್ಲೌಸ್ ಆರಿ ವರ್ಕ್ ಡಿಸೈನು: ಕೈಯಲ್ಲಿ ಎಷ್ಟು ಬಿಡಿಸ್ಬೇಕು, ಕಂಪ್ಯೂಟರಿಗೆ ಎಷ್ಟು ಬಿಡ್ಬೇಕು

ಆರಿ ವರ್ಕ್, ಅಂದ್ರೆ ಫ್ರೇಮಿಗೆ ಕಟ್ಟಿದ ಬಟ್ಟೆ ಮೇಲೆ ಕೊಕ್ಕೆ ಸೂಜಿಯಲ್ಲಿ ಮಾಡೋ ಕೈ ಎಂಬ್ರಾಯ್ಡರಿ, ಕಲ್ತು ಮನೇಲೇ ಆರ್ಡರ್ ತಗೊಳೋಕೆ ಶುರು ಮಾಡಿದ ಮೇಲೆ ಒಂದಲ್ಲ ಒಂದು ದಿನ ಎಲ್ರಿಗೂ ಈ ಗೊಂದಲ ಬಂದೇ ಬರತ್ತೆ, ಡಿಸೈನ್ ಕೈಯಲ್ಲೇ ಬಿಡಿಸ್ತಾ ಹೋಗೋದಾ ಇಲ್ಲ ಲ್ಯಾಪ್‌ಟಾಪ್ ತಗೊಂಡು ಅದ್ರಲ್ಲಿ ಮಾಡೋದು ಕಲಿಯೋದಾ ಅಂತ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಹೂವು, ಬಳ್ಳಿ, ಮಾವಿನಕಾಯಿ, ನವಿಲು, ಹಂಸ ಇವನ್ನೆಲ್ಲ ಕೈಯಲ್ಲೇ ಬಿಡಿಸಿ. ಅಳತೆಗೆ ಕೂರಿಸೋದು, ಎಡಕ್ಕೆ ಮಾಡಿದ್ದನ್ನ ಬಲಕ್ಕೆ ತಿರುಗಿಸೋದು, ಕತ್ತಿನ ಸುತ್ತ ಒಂದೇ ಹೂವನ್ನ ಸಮವಾಗಿ ಜೋಡಿಸೋದು, ಪ್ರಿಂಟ್ ತೆಗೆಯೋದು, ಇಷ್ಟನ್ನ ಕಂಪ್ಯೂಟರಿಗೆ ಬಿಡಿ. ಹೀಗೆ ಹಂಚ್ಕೊಂಡ್ರೆ ಕೆಲಸ ಬೇಗನೂ ಆಗತ್ತೆ, ನಿಮ್ ಕೈ ಗುರುತೂ ಉಳಿಯತ್ತೆ. ಕಂಪ್ಯೂಟರ್ ಇಲ್ಲದೇ ಇದ್ರೂ ಪೂರ್ತಿ ಕೆಲಸ ಮಾಡ್ಬೋದು, ಆ ದಾರೀನೂ ಜೊತೆಜೊತೆಗೇ ಹೇಳ್ತಾ ಹೋಗ್ತೀನಿ.

ಪೆನ್ಸಿಲ್ ಹಿಡಿಯೋಕೆ ಮುಂಚೆ, ಮೌಸ್ ಮುಟ್ಟೋಕೂ ಮುಂಚೆ, ಬ್ಲೌಸ್ ಪ್ಯಾಟರ್ನ್, ಅಂದ್ರೆ ಅಳತೆಗೆ ಕತ್ತರಿಸಿದ ಪೇಪರ್, ಕೈಯಲ್ಲಿರ್ಬೇಕು. ಆರಿ ಕೆಲಸ ಕತ್ತರಿಸದೇ ಇರೋ ಬಟ್ಟೆ ಮೇಲೆ ಆಗೋದು, ಆಮೇಲೆ ಟೈಲರ್ ಕಟ್ ಮಾಡೋದು, ಹಾಗಾಗಿ ಕತ್ತು ಎಲ್ಲಿ ಬರತ್ತೆ, ಭುಜ ಎಲ್ಲಿ, ತೋಳು ಎಲ್ಲಿ ಅನ್ನೋದು ಡಿಸೈನಿಗಿಂತ ಮೊದ್ಲೇ ತೀರ್ಮಾನ ಆಗಿರ್ಬೇಕು. ಕಸ್ಟಮರ್ ಹತ್ರ ಚೆನ್ನಾಗಿ ಕೂತಿರೋ ಹಳೇ ಬ್ಲೌಸ್ ಒಂದು ತರಿಸ್ಕೊಳಿ, ಸಾಧ್ಯ ಆದ್ರೆ ಅವರ ಟೈಲರ್ ಹತ್ರಾನೇ ಪೇಪರ್ ಕಟಿಂಗ್ ಮಾಡಿಸ್ಕೊಂಡು ಬನ್ನಿ ಅನ್ನಿ, ಇದು ಇನ್ನೂ ಒಳ್ಳೇದು, ಯಾಕಂದ್ರೆ ಪ್ರಿನ್ಸೆಸ್ ಕಟ್ಟಾ, ಕಟೋರಿನಾ, ಹುಕ್ ಮುಂದೆನಾ ಹಿಂದೆನಾ ಅನ್ನೋದ್ರ ಮೇಲೆ ಕೆಲಸ ಎಲ್ಲಿ ಬರ್ಬೇಕು ಅನ್ನೋದೇ ಬದಲಾಗತ್ತೆ. ಹಿಂದೆ ಹುಕ್ ಇಟ್ಟು ನಟ್ಟನಡುವೆ ನವಿಲು ಕೂರಿಸಿದ್ರೆ ನವಿಲು ಎರಡು ಹೋಳು.

ಆ ಪ್ಯಾಟರ್ನ್ ಮೇಲೆ ಕೆಲಸ ಬರಬಾರದ ಜಾಗಗಳನ್ನ ಮೊದಲು ಕೆಂಪು ಪೆನ್ನಲ್ಲಿ ಗುರುತು ಮಾಡಿ. ಕತ್ತಿನ ಹೊಲಿಗೆ ಗೆರೆಯಿಂದ ಕಾಲು ಇಂಚು ಬಿಡಿ, ಇಲ್ಲಾಂದ್ರೆ ಪೈಪಿಂಗ್ ಕೂರಿಸುವಾಗ ಮಷೀನಿನ ಪ್ರೆಸರ್ ಫೂಟ್ ಮಣಿ ಮೇಲೆ ಹತ್ತತ್ತೆ, ಮಣಿ ಒಡೆಯತ್ತೆ ಇಲ್ಲ ಸೂಜಿ ಮುರಿಯತ್ತೆ. ಭುಜದ ಹೊಲಿಗೆಗೆ ಅರ್ಧ ಇಂಚು. ತೋಳಿನಲ್ಲಿ ಕಂಕುಳ ಕಡೆ ಎರಡೂ ಬದಿ ಒಂದರಿಂದ ಒಂದೂವರೆ ಇಂಚು ಖಾಲಿ ಬಿಡಿ, ನಾಲ್ಕು ವರ್ಷ ಆದ್ಮೇಲೆ ಅವರು ಬ್ಲೌಸ್ ಲೂಸ್ ಮಾಡಿಸ್ಕೊಳೋಕೆ ಬರ್ತಾರೆ, ಅಲ್ಲಿ ಕುಂದನ್ ಕಲ್ಲು ಇದ್ರೆ ಟೈಲರ್ ಏನೂ ಮಾಡೋಕಾಗಲ್ಲ. ಸೀರೆ ಜೊತೆ ಬರೋ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್ ಇರತ್ತೆ, ಅದ್ರಲ್ಲಿ ಹಿಂಭಾಗ, ಮುಂಭಾಗ, ಬಾರ್ಡರ್ ಸಮೇತ ಎರಡು ತೋಳು ಹಿಡೀಬೇಕು, ಜೊತೆಗೆ ಫ್ರೇಮಿಗೆ ಕಟ್ಟೋಕೆ ಅಂಚಲ್ಲಿ ಜಾಗ ಬೇಕು. ಉದ್ದ ತೋಳು ಕೇಳಿದಾರೆ ಅಂದ್ರೆ ಡಿಸೈನ್ ಒಪ್ಪಿಕೊಳ್ಳೋ ಮೊದಲೇ ಎಲ್ಲಾ ಪ್ಯಾಟರ್ನ್ ಬಟ್ಟೆ ಮೇಲೆ ಇಟ್ಟು ನೋಡ್ಬಿಡಿ.

ಈಗ ಚಿತ್ರದ ವಿಷಯ. ಕಸ್ಟಮರ್ ಬರೋದೇ ಮೊಬೈಲ್ ತೋರಿಸ್ಕೊಂಡು, ಅಕ್ಕಾ ನಂಗೆ ಇದೇ ತರ ಬೇಕು ಅಂತ. ಪಿನ್‌ಟ್ರೆಸ್ಟಿಂದ ತೆಗೆದ ನಿಜವಾದ ಬ್ಲೌಸಿನ ಫೋಟೋ ಆದ್ರೆ ಪರವಾಗಿಲ್ಲ, ಅದು ಯಾರೋ ಒಬ್ರು ಹೊಲಿದಿರೋ ಬ್ಲೌಸು. ಆದ್ರೆ ಈಗ ಎಐ ಮಾಡಿದ ಚಿತ್ರಗಳು ತುಂಬ ಬರ್ತಿವೆ, ನೋಡೋಕೆ ಕಣ್ಣು ಕೋರೈಸತ್ತೆ, ಹತ್ತಿರದಿಂದ ಜೂಮ್ ಮಾಡಿ ನೋಡಿದ್ರೆ ಬಳ್ಳಿ ಎಲ್ಲಿ ಶುರುವಾಗತ್ತೆ ಎಲ್ಲಿ ಮುಗಿಯತ್ತೆ ಗೊತ್ತಾಗಲ್ಲ, ಜರ್ದೋಸಿ (ಸುರುಳಿ ಸುತ್ತಿದ ಜರಿ ತಂತಿ) ತರ ಕಾಣೋದು ಪಕ್ಕದಲ್ಲೇ ಮಣಿ ಆಗಿಬಿಡತ್ತೆ, ಎಡ ಹೂವಿಗೆ ಆರು ದಳ ಬಲ ಹೂವಿಗೆ ಏಳು. ಅಂಥದ್ದನ್ನ ನೇರ ಟ್ರೇಸ್ ಮಾಡೋಕೆ ಹೋಗ್ಬೇಡಿ. ಅದ್ರಲ್ಲಿ ಅವರಿಗೆ ಏನು ಇಷ್ಟ ಆಯ್ತು ಅಂತ ಕೇಳಿ, ಬಣ್ಣನಾ, ನವಿಲಿನ ಕತ್ತಿನ ಬಾಗಾ, ತೋಳು ತುಂಬಿರೋದಾ? ಅಷ್ಟನ್ನ ಬರ್ಕೊಂಡು ಮೊಬೈಲ್ ಪಕ್ಕಕ್ಕಿಟ್ಟು ನೀವೇ ಬಿಡಿಸಿ.

ಇಲ್ಲೇ ಕೈಯಲ್ಲಿ ಬಿಡಿಸೋದ್ರ ಬೆಲೆ ಗೊತ್ತಾಗೋದು. ಆರಿ ಸೂಜಿ ಹಿಡಿದು ಅಭ್ಯಾಸ ಇರೋ ಕೈ ಗೆರೆ ಎಳೀತಿದ್ದ ಹಾಗೇ ಇಲ್ಲಿ ಚೈನ್ ಸ್ಟಿಚ್ ತಿರುಗತ್ತಾ, ಈ ದಳದೊಳಗೆ ಲೋಡ್ ಸ್ಟಿಚ್ (ಉಬ್ಬಿ ಕಾಣೋ ತುಂಬು ಹೊಲಿಗೆ) ತುಂಬೋಕೆ ಜಾಗ ಇದೆಯಾ ಅಂತ ತಾನೇ ಲೆಕ್ಕ ಹಾಕ್ತಾ ಹೋಗತ್ತೆ. ಸ್ಕ್ರೀನ್ ಮೇಲೆ ಹಾಗಲ್ಲ, ದೊಡ್ಡದಾಗಿ ಜೂಮ್ ಮಾಡ್ಕೊಂಡು ಕೂತಾಗ ಒಂದು ಎಲೆ ಅಂಗೈ ಅಗಲ ಕಾಣತ್ತೆ, ಅದ್ರೊಳಗೆ ನರ, ನರದೊಳಗೆ ಚುಕ್ಕಿ ಎಲ್ಲ ಹಾಕ್ತಾ ಹೋಗ್ತೀವಿ, ಪ್ರಿಂಟ್ ತೆಗೆದು ನೋಡಿದ್ರೆ ಆ ಎಲೆ ಒಂದು ಸೆಂಟಿಮೀಟರ್, ಅದ್ರಲ್ಲಿ ಒಂದು ಸಾಲು ಶುಗರ್ ಬೀಡ್, ಅಂದ್ರೆ ಸಣ್ಣ ಮಣಿ, ಕೂತ್ರೆ ಹೆಚ್ಚು. ಹಾಗಾಗಿ ಬಿಡಿಸುವಾಗ ಯಾವಾಗ್ಲೂ ನಿಜವಾದ ಸೈಜಲ್ಲೇ ಬಿಡಿಸಿ. ದೊಡ್ಡದಾಗಿ ಬಿಡಿಸಿ ಆಮೇಲೆ ಸಣ್ಣ ಮಾಡ್ತೀನಿ ಅನ್ನೋದು ಬೇಡ.

ಉದಾಹರಣೆಗೆ ಒಂದೂವರೆ ಇಂಚು ಅಗಲದ ಒಂದು ಮಾವಿನಕಾಯಿ ತಗೊಳಿ. ಹೊರಗಿನ ಗೆರೆ ಜರ್ದೋಸಿ ಅಂದ್ರೆ ಅದಕ್ಕೇ ಎರಡು ಮಿಲಿಮೀಟರ್ ಹೋಗತ್ತೆ, ಅದರ ಒಳಗೆ ಒಂದು ಸಾಲು ಶುಗರ್ ಬೀಡ್ ಇನ್ನೊಂದು ಎರಡು ಮಿಲಿಮೀಟರ್, ನಡುವೆ ಆರು ಮಿಲಿಮೀಟರಿನ ಒಂದು ಕುಂದನ್, ಅದರ ಸುತ್ತ ಹಿಡಿದಿಡೋಕೆ ಮತ್ತೆ ಜರ್ದೋಸಿ ಸುತ್ತು. ಉಳಿದಿರೋ ಜಾಗದಲ್ಲಿ ಸಿಲ್ಕ್ ದಾರದ ಫಿಲ್ಲಿಂಗ್ ಕಾಣ್ಬೇಕು. ಮಾವಿನಕಾಯಿಯ ಬಾಲ ಮೇಲೆ ಸುರುಳಿ ಸುತ್ತೋ ಕಡೆ ಎರಡು ಗೆರೆ ಮಧ್ಯೆ ನಾಲ್ಕು ಮಿಲಿಮೀಟರಾದ್ರೂ ಬೇಕು, ಅದಕ್ಕಿಂತ ಕಡಿಮೆ ಆದ್ರೆ ಮಣಿಗಳು ಒಂದರ ಮೇಲೊಂದು ಹತ್ಕೊಂಡು ಸುರುಳಿ ಹೋಗಿ ಗಂಟು ತರ ಕಾಣತ್ತೆ. ಪೇಪರ್ ಮೇಲೆ ನಿಜವಾದ ಮಣಿ, ಕುಂದನ್ನು, ಒಂದು ತುಂಡು ಜರ್ದೋಸಿ ಇಟ್ಟು ನೋಡಿ, ಐದು ನಿಮಿಷದ ಕೆಲಸ. ಒಂದು ಗೆರೆ ಅಂದ್ರೆ ಒಂದು ಸಾಲು ಹೊಲಿಗೆ ಅನ್ನೋ ನಿಯಮ ಇಟ್ಕೊಳಿ, ಶೇಡಿಂಗ್ ಮಾಡ್ಬೇಡಿ, ಅಳಿಸಿ ಅಳಿಸಿ ನಾಲ್ಕು ಗೆರೆ ಆಗಿದ್ರೆ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕಪ್ಪು ಪೆನ್ನಲ್ಲಿ ಒಂದೇ ಗೆರೆ ಸ್ವಚ್ಛವಾಗಿ ತೆಗೀರಿ.

ಒಂದು ಹೂವು, ಒಂದು ಬಳ್ಳಿ, ಒಂದು ಮಾವಿನಕಾಯಿ ಸಿದ್ಧ ಆದ್ಮೇಲೆ ಅದನ್ನ ಕತ್ತಿನ ಸುತ್ತ ಜೋಡಿಸೋದು ಬರತ್ತೆ. ಕೈಯಲ್ಲಿ ಮಾಡೋದಾದ್ರೆ ಹೀಗೆ. ಹಿಂಭಾಗದ ಅರ್ಧ ಪ್ಯಾಟರ್ನ್ ಸಾಕು. ಭುಜದಿಂದ ಬೆನ್ನಿನ ನಡುಗೆರೆವರೆಗೆ ಡಿಸೈನ್ ಓಡೋ ಗೆರೆ ಮೇಲೆ ದಾರ ಇಟ್ಟು ಅಳೀರಿ, ಇಲ್ಲ ಟೇಪನ್ನ ಅಂಚಿನ ಮೇಲೆ ನಿಲ್ಲಿಸಿ ಬಾಗಿಸ್ತಾ ಅಳೀರಿ. 11.25 ಇಂಚು ಬಂತು ಅಂದ್ಕೊಳಿ, ಒಂದೂವರೆ ಇಂಚಿನ ಮಾವಿನಕಾಯಿ ಏಳೂವರೆ ಕೂರತ್ತೆ. ಆ ಅರ್ಧವನ್ನ ನಡುಗೆರೆ ಮೇಲೆ ಇಡಿ, ಆ ಕಡೆಯ ಅರ್ಧ ಸೇರಿ ಅಲ್ಲಿ ಒಂದು ಪೂರ್ತಿ ಆಗತ್ತೆ, ಒಟ್ಟು ಹದಿನೈದು. ಆದ್ರೆ ಆ ನಡುವಿನದು ಎರಡೂ ಕಡೆ ಒಂದೇ ತರ ಇರೋ ಆಕಾರ ಆಗಿರ್ಬೇಕು, ಬಾಲ ಒಂದು ಕಡೆ ಬಾಗಿದ ಮಾವಿನಕಾಯಿ ಅಲ್ಲಿ ಹೊಂದಲ್ಲ, ಅದೇ ಅಗಲದ ಒಂದು ಕಮಲ ಹಾಕಿ. ಅಳತೆ 11 ಇಂಚೇ ಬಂದ್ರೆ? 11ನ್ನ 7.5ರಿಂದ ಭಾಗಿಸಿ, 1.47 ಇಂಚು ಸುಮಾರು ಬರತ್ತೆ, ಪ್ರತಿ ಮಾವಿನಕಾಯಿನ ಕೂದಲೆಳೆ ಅಷ್ಟು ಸಣ್ಣ ಮಾಡಿದ್ರೆ ಆಯ್ತು. ಹೀಗೆ ಭಾಗಿಸದೇ ಭುಜದಿಂದ ಒಂದೊಂದೇ ಇಟ್ಕೊಂಡು ಬಂದ್ರೆ ಬೆನ್ನಿನ ನಡುವೆ ಪೂರ್ತಿ ಮಾವಿನಕಾಯಿ ಕೂರದಷ್ಟು ಜಾಗ ಉಳಿಯತ್ತೆ, ಎಲ್ರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಇದೇ ಕೆಲಸಾನ ಕಂಪ್ಯೂಟರ್ ತುಂಬ ಚೆನ್ನಾಗಿ ಮಾಡತ್ತೆ, ನಾನು ಅದಕ್ಕೇ ಅದನ್ನ ಬಳಸಿ ಅಂತ ಹೇಳೋದು. ಪ್ರಿಂಟಿಂಗ್ ಅಂಗಡಿಗಳಲ್ಲಿ ಡಿಸೈನ್ ಬಿಡಿಸೋ ಸಾಫ್ಟ್‌ವೇರ್ ಕೋರಲ್ ಡ್ರಾ ಇರತ್ತೆ, ಮನೇಲಿ ಕಲಿಯೋರಿಗೆ ಇಂಕ್‌ಸ್ಕೇಪ್ ಸಾಕು, ಅದು ಉಚಿತ. ಕೈಯಲ್ಲಿ ಬಿಡಿಸಿದ ಚಿತ್ರಾನ ಜೆರಾಕ್ಸ್ ಅಂಗಡಿಯಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಮೊಬೈಲಲ್ಲಿ ಫೋಟೋ ತೆಗೆದ್ರೆ ಸ್ವಲ್ಪ ಓರೆ ಆದ್ರೂ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗತ್ತೆ, ಬೇರೆ ದಾರಿ ಇಲ್ಲ ಅಂದ್ರೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನೇರ ಮೇಲಿಂದ ತೆಗೀರಿ, ಆಗ ಸೈಜ್ ಸರಿ ಮಾಡ್ಕೊಳೋಕೆ ಒಂದು ಆಧಾರ ಇರತ್ತೆ. ಇಂಕ್‌ಸ್ಕೇಪಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಕೊಟ್ಟಾಗ ಒಂದು ತೊಂದರೆ ಬರತ್ತೆ, ನೀವು ಎಳೆದ ಒಂದು ಪೆನ್ ಗೆರೆಗೆ ಅದು ಎರಡು ಅಂಚು ಮಾಡತ್ತೆ, ಪ್ರಿಂಟ್ ತೆಗೆದು ಸೂಜಿ ಚುಚ್ಚೋಕೆ ಕೂತಾಗ ಎಲ್ಲಾ ಕಡೆ ಜೋಡಿ ಗೆರೆ. ಅದಕ್ಕೆ ಸೆಂಟರ್‌ಲೈನ್ ಅನ್ನೋ ಆಯ್ಕೆ ಇದೆ, ಅದನ್ನ ಒತ್ತಿ. ಇಲ್ಲಾಂದ್ರೆ ಸ್ಕ್ಯಾನನ್ನ ಕೆಳಗಿಟ್ಟು ಮೇಲೆ ಪೆನ್ ಟೂಲಲ್ಲಿ ನೀವೇ ಗೆರೆ ಎಳೀರಿ, ನಿಧಾನ ಆದ್ರೂ ಫಲಿತಾಂಶ ಸ್ವಚ್ಛ, ನಾನು ಇದನ್ನೇ ಜಾಸ್ತಿ ಇಷ್ಟಪಡ್ತೀನಿ.

ಆಮೇಲೆ ಕತ್ತಿನ ಗೆರೆ ಮೇಲೆ ಹೂಗಳನ್ನ ಓಡಿಸೋಕೆ ಪ್ಯಾಟರ್ನ್ ಅಲಾಂಗ್ ಪಾತ್ ಅನ್ನೋ ಆಯ್ಕೆ ಇದೆ. ಎಚ್ಚರ ಏನಂದ್ರೆ ಅದು ಹೂವನ್ನ ಬಾಗಿಸ್ಬಿಡತ್ತೆ, ಯು ಆಕಾರದ ಕತ್ತಿನ ಕೆಳಗಿನ ತಿರುವಲ್ಲಿ ಹೂವಿನ ಒಳಗಿನ ದಳಗಳು ಒತ್ತಿಕೊಂಡು ಹೊರಗಿನವು ಹಿಗ್ಗಿರ್ತವೆ. ತಿರುವು ಜೋರಾಗಿರೋ ಕಡೆ ಹೂವನ್ನ ಬಿಡಿಬಿಡಿಯಾಗಿ ಇಟ್ಟು ಬರೀ ತಿರುಗಿಸಿ, ಬಾಗಿಸ್ಬೇಡಿ, ಮಧ್ಯದ ಬಳ್ಳಿ ಮಾತ್ರ ಬಾಗಲಿ.

ಎಡ-ಬಲ ತಿರುಗಿಸೋದು ಕಂಪ್ಯೂಟರಲ್ಲಿ ಒಂದೇ ಕ್ಲಿಕ್, ಆ ಕ್ಲಿಕ್ಕೇ ಕೆಲವು ಕಡೆ ಅನಾಹುತ. ಹಂಸ, ಆನೆ, ನವಿಲು ಎದುರುಬದುರು ಮಾಡಿ, ಅದು ಚೆಂದ. ದೇವರ ಚಿತ್ರ ಮಾತ್ರ ಯಾವತ್ತೂ ತಿರುಗಿಸ್ಬೇಡಿ. ಒಂದು ತೋಳಲ್ಲಿ ಎಡಮುರಿ ಗಣಪ ಇದ್ರೆ ಮಿರರ್ ಮಾಡಿದ ಇನ್ನೊಂದು ತೋಳಲ್ಲಿ ಬಲಮುರಿ ಆಗ್ತಾನೆ, ಅದನ್ನ ಮನೇಲಿ ದೊಡ್ಡವರು ಗಮನಿಸೇ ಗಮನಿಸ್ತಾರೆ, ಬಲಮುರಿಗೆ ಕಟ್ಟುನಿಟ್ಟು ಜಾಸ್ತಿ ಅಂತ ಎಷ್ಟೋ ಜನ ಬಟ್ಟೆ ಮೇಲೆ ಒಪ್ಪಲ್ಲ. ತಿಮ್ಮಪ್ಪನ ಬಲಗೈಯ ಚಕ್ರ ಎಡಕ್ಕೆ ಹೋಗತ್ತೆ, ಕೃಷ್ಣನ ಕೊಳಲು ಉಲ್ಟಾ ಕಡೆ ತಿರುಗತ್ತೆ. ಮದುವೆ ಬ್ಲೌಸಲ್ಲಿ ಹುಡುಗ ಹುಡುಗಿ ಹೆಸರು ಬರೆಸೋದಾದ್ರೂ ಅಷ್ಟೇ, ಅಕ್ಷರ ತಿರುಗಬಾರದು. ಕನ್ನಡ ಅಕ್ಷರ ಹಾಕೋದಿದ್ರೆ ಫಾಂಟಿಂದ ತೆಗೆದು ಹಾಗೇ ಹಾಕೋಕಿಂತ ಕೈಯಲ್ಲಿ ಬರೆದು ತಗೊಳಿ, ಒತ್ತಕ್ಷರಗಳು ಫಾಂಟಲ್ಲಿ ಇಕ್ಕಟ್ಟಾಗಿರ್ತವೆ, ಸೂಜಿ ತಿರುಗೋಕೆ ಜಾಗ ಇರಲ್ಲ.

ಪ್ರಿಂಟ್ ತೆಗೆಯುವಾಗ ಡಿಸೈನಿನ ಮೂಲೆಯಲ್ಲಿ ಒಂದು ಇಂಚಿನ ಚೌಕ ಹಾಕಿಡಿ. ಪ್ರಿಂಟರ್ ಸೆಟ್ಟಿಂಗಲ್ಲಿ ಫಿಟ್ ಟು ಪೇಜ್ ಅಂತ ಇದ್ರೆ ಡಿಸೈನ್ ಸ್ವಲ್ಪ ಕುಗ್ಗಿ ಬರತ್ತೆ, ಕಣ್ಣಿಗೆ ಗೊತ್ತಾಗಲ್ಲ, ಬ್ಲೌಸ್ ಹಾಕ್ಕೊಂಡಾಗ ಕತ್ತು ಬಿಗಿ. ಆಕ್ಚುಯಲ್ ಸೈಜ್ ಇಲ್ಲ 100 ಪರ್ಸೆಂಟ್ ಅಂತ ಹೇಳಿ ತೆಗೆಸಿ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ಆ ಚೌಕ ಅಳೀರಿ. ಎ4 ಹಾಳೆ 21 ಸೆಂಟಿಮೀಟರ್ ಅಗಲ 29.7 ಉದ್ದ, ಅರ್ಧ ಹಿಂಭಾಗದ ಕತ್ತಿನ ಕೆಲಸಕ್ಕೆ ಸಾಮಾನ್ಯವಾಗಿ ಸಾಕಾಗತ್ತೆ, ತೋಳಿಗೆ ಎ3 ತೆಗೆಸಿ.

ಇನ್ನು ಬಟ್ಟೆಗೆ ಇಳಿಸೋದು. ಡಿಸೈನ್ ಎಲ್ಲಿಂದ ಬಂದಿದ್ರೂ ಈ ಭಾಗ ಕೈ ಕೆಲಸಾನೇ. ಕಾರಿಗರ್‌ಗಳು (ಈ ಕೆಲಸ ಮಾಡೋ ಕುಶಲಕರ್ಮಿಗಳು) ಇದಕ್ಕೆ ಬಳಸೋ ತೂತು ಚುಚ್ಚಿದ ಹಾಳೆಗೆ ಖಾಕಾ ಅಂತಾರೆ. ಟ್ರೇಸಿಂಗ್ ಪೇಪರಿಗೆ ಡಿಸೈನ್ ತೆಗೆದು, ಕೆಳಗೆ ಮಡಿಸಿದ ಕಂಬಳಿ ಹಾಕಿ, ಸೂಜಿಯಿಂದ ಗೆರೆ ಉದ್ದಕ್ಕೂ ಸುಮಾರು ಎರಡು ಮಿಲಿಮೀಟರಿಗೆ ಒಂದು ತೂತು ಚುಚ್ತಾ ಹೋಗಿ. ತೀರಾ ಹತ್ತಿರ ಚುಚ್ಚಿದ್ರೆ ಪೇಪರ್ ಗೆರೆ ಮೇಲೆ ಹರೀತದೆ. ಮುಗಿದ ಮೇಲೆ ಹಿಂದೆ ಎದ್ದಿರೋ ಮುಳ್ಳುಗಳ ಮೇಲೆ ನಯವಾದ ಮರಳು ಕಾಗದ ಹಗುರವಾಗಿ ಆಡಿಸಿ, ತೂತು ಬಾಯಿ ಬಿಡತ್ತೆ. ಸೀಮೆಎಣ್ಣೆಯಲ್ಲಿ ಜಿಂಕ್ ಪೌಡರ್ ಕಲಸಿ ಹತ್ತಿ ಉಂಡೆಯಲ್ಲಿ ಒರೆಸಿದ್ರೆ ಗಾಢ ಬಣ್ಣದ ಬಟ್ಟೆ ಮೇಲೆ ಬಿಳಿ ಚುಕ್ಕಿ ಬೀಳತ್ತೆ, ತಿಳಿ ಬಣ್ಣದ ಬಟ್ಟೆಗೆ ಅದಕ್ಕೆ ನೀಲಿ ಪುಡಿ ಸೇರಿಸ್ತಾರೆ. ರೇಷ್ಮೆ ಮೇಲೆ ನೇರ ಹಾಕೋ ಮುಂಚೆ ಅದೇ ಬಟ್ಟೆಯ ಅಂಚಲ್ಲಿ ಒಂದು ಸಲ ಹಚ್ಚಿ ಒಣಗಿಸಿ ನೋಡಿ, ಕಲೆ ನಿಂತ್ರೆ ಪುಡಿ ಮಾತ್ರ ಬಳಸಿ. ಇಸ್ತ್ರಿ ಮಾಡಿದ್ರೆ ಮಾಯ ಆಗೋ ಪೆನ್ನುಗಳನ್ನ ಕಡು ಬಣ್ಣದ ರೇಷ್ಮೆಗೆ ನಂಬ್ಬೇಡಿ, ಗೆರೆ ಹೋದ ಜಾಗದಲ್ಲಿ ಮಸುಕು ಗುರುತು ಉಳಿಯೋದುಂಟು, ತಣ್ಣಗಾದಾಗ ಗೆರೆನೇ ವಾಪಸ್ ಬರೋದೂ ಉಂಟು.

ಕಂಪ್ಯೂಟರ್ ಇಲ್ಲದೋರಿಗೆ ಮಿರರ್ ಕೂಡ ಇಲ್ಲೇ ಸಿಗತ್ತೆ. ಖಾಕಾ ಒರೆಸಿ, ಒಣಗಿಸಿ, ನಡುಗೆರೆಗೆ ಸರಿಯಾಗಿ ಮಗುಚಿ ಹಾಕಿ, ಇನ್ನೊಂದು ಅರ್ಧ ಬಂತು. ಬಟ್ಟೆ ಫ್ರೇಮಿಗೆ ಕಟ್ಟಿ ಬಿಗಿ ಮಾಡಿದ ಮೇಲೆ ಕತ್ತಿನ ಅಗಲ ಮತ್ತೆ ಟೇಪಲ್ಲಿ ನೋಡಿ, ಒಂದು ಕಡೆ ಜಾಸ್ತಿ ಎಳೆದಿದ್ರೆ ದುಂಡಗಿದ್ದ ಕತ್ತು ಮೊಟ್ಟೆ ಆಕಾರ ಆಗಿರತ್ತೆ, ಆಗ ಸಡಿಲ ಮಾಡಿ ಮತ್ತೆ ಕಟ್ಟಿ.

ಕಸೂತಿ ಕೇಳಿದ್ರೆ ಮಾತ್ರ ಈ ಲೆಕ್ಕ ಯಾವುದೂ ನಡೆಯಲ್ಲ. ಧಾರವಾಡ ಕಡೆಯ ಕಸೂತಿಗೆ ಖಾಕಾನೇ ಇಲ್ಲ, ಬಟ್ಟೆಯ ಎಳೆ ಎಣಿಸಿ ಗಾವಂತಿ, ಮುರ್ಗಿ, ನೇಗಿ, ಮೆಂತೆ ಅನ್ನೋ ನಾಲ್ಕು ಹೊಲಿಗೆ ಹಾಕೋದು, ಗೋಪುರ ತೇರು ತುಳಸಿಕಟ್ಟೆ ಎಲ್ಲಾ ಹಾಗೇ ಏಳೋದು. ಅಲ್ಲಿ ಗ್ರಾಫ್ ಹಾಳೆ ಮೇಲೆ ಚುಕ್ಕಿ ಗೆರೆ ಹಾಕಿ ಯೋಜನೆ ಮಾಡಿ, ಕಂಪ್ಯೂಟರಲ್ಲಿ ಎಕ್ಸೆಲ್ ಚೌಕಗಳಲ್ಲಿ ಮಾಡಿದ್ರೂ ನಡೆಯತ್ತೆ, ಒಂದು ಚೌಕ ಅಂದ್ರೆ ಇಷ್ಟು ಎಳೆ ಅಂತ ಇಟ್ಕೊಳಿ. ಹಾಸು ಹೊಕ್ಕು ಎರಡರ ಎಳೆ ಸಾಂದ್ರತೆ ಒಂದೇ ಇಲ್ಲದಿದ್ರೆ ಗ್ರಾಫಲ್ಲಿ ಚಚ್ಚೌಕ ಇರೋ ಗೋಪುರ ಬಟ್ಟೆ ಮೇಲೆ ಉದ್ದ ಇಲ್ಲ ಕುಳ್ಳ ಆಗತ್ತೆ, ಹಾಗಾಗಿ ಒಂದು ಸಣ್ಣ ಮಾದರಿ ಹೊಲಿದು ನೋಡಿಯೇ ಪೂರ್ತಿ ಸೆರಗು ಶುರು ಮಾಡಿ. ಎಳೆ ಕಾಣದ ನುಣುಪು ರೇಷ್ಮೆಗೆ ಮೇಲೆ ಕ್ಯಾನ್ವಾಸ್ ಇಟ್ಟು ಹೊಲಿದು ಆಮೇಲೆ ಕ್ಯಾನ್ವಾಸಿನ ಎಳೆ ಒಂದೊಂದೇ ಎಳೆದು ತೆಗೀತಾರೆ.

ಕೆಲವರು ಕಂಪ್ಯೂಟರ್ ವರ್ಕ್ ಅಂದ್ರೆ ಮಷೀನ್ ಎಂಬ್ರಾಯ್ಡರಿನೇ ಅಂದ್ಕೊಳ್ತಾರೆ, ಅದು ಬೇರೆ. ಅಲ್ಲಿ ಚಿತ್ರಾನ ಹೊಲಿಗೆ ಫೈಲಾಗಿ ಡಿಜಿಟೈಸ್ ಮಾಡ್ತಾರೆ, ದರ ಸಾಮಾನ್ಯವಾಗಿ ಸ್ಟಿಚ್ ಲೆಕ್ಕದ ಮೇಲೆ. ಒಂದೇ ಬುಟ್ಟಾ ಇಡೀ ಸೀರೆಗೆ ಬೇಕು, ಬಜೆಟ್ ಕಮ್ಮಿ, ದಿನ ಕಮ್ಮಿ ಅಂದ್ರೆ ಅಲ್ಲಿ ಕೊಡಿ, ತಪ್ಪೇನಿಲ್ಲ. ಡಿಎಸ್‌ಟಿ ಫೈಲಿನ ಜೊತೆ (ಮಷೀನ್ ಓದೋ ಹೊಲಿಗೆ ಫೈಲ್) ತಿದ್ದಬಹುದಾದ ಮೂಲ ಫೈಲೂ ಕೇಳಿ ಇಸ್ಕೊಳಿ, ಯಾಕಂದ್ರೆ ಡಿಎಸ್‌ಟಿಯನ್ನ ಜಾಸ್ತಿ ದೊಡ್ಡದು ಚಿಕ್ಕದು ಮಾಡಿದ್ರೆ ಹೊಲಿಗೆ ವಿರಳ ಆಗತ್ತೆ ಇಲ್ಲ ಗಿಡಿದು ಬಟ್ಟೆ ಗಟ್ಟಿ ಆಗತ್ತೆ, ಮತ್ತೆ ಅದ್ರಲ್ಲಿ ದಾರದ ಬಣ್ಣದ ವಿವರ ಉಳಿಯಲ್ಲ, ಬೇರೆ ಬರೆದಿಡ್ಬೇಕು. ಇದನ್ನ ಕೈ ಕೆಲಸ ಅಂತ ಹೇಳಿ ಕೊಡೋದು ಮಾತ್ರ ಮೋಸ, ಹಾಗೆ ಮಾಡೋರು ಇದಾರೆ, ನೀವು ಆ ದಾರಿ ಹಿಡೀಬೇಡಿ.

ಕಸ್ಟಮರಿಗೆ ತೋರಿಸೋದು ಯಾವುದನ್ನ? ವಾಟ್ಸಾಪಲ್ಲಿ ಸ್ಕ್ರೀನ್ ಡಿಸೈನ್ ಕಳ್ಸಿದ್ರೆ ಹೂಂ ಅಂತ ಬೇಗ ಹೇಳ್ತಾರೆ, ಆದ್ರೆ ಫೋನಲ್ಲಿ ಸೈಜ್ ಗೊತ್ತಾಗಲ್ಲ, ಬಣ್ಣ ಅಂತೂ ಒಂದೊಂದು ಫೋನಲ್ಲಿ ಒಂದೊಂದು. ಪ್ರಿಂಟನ್ನ ಕತ್ತರಿಸಿ ಅವರ ಬೆನ್ನ ಮೇಲೆ, ತೋಳ ಮೇಲೆ ಪಿನ್ ಮಾಡಿ ಕನ್ನಡಿ ಮುಂದೆ ನಿಲ್ಲಿಸಿ, ಅಲ್ಲೇ ಬೇಕು ಬೇಡ ತೀರ್ಮಾನ ಆಗತ್ತೆ. ಬಣ್ಣಕ್ಕೆ ನಿಜವಾದ ದಾರದ ತುಂಡುಗಳನ್ನ ಅದೇ ಹಾಳೆಗೆ ಅಂಟಿಸಿ, ಶೇಡ್ ಕಾರ್ಡಿನ ನಂಬರ್ ಬರೆದು, ಯಾವ ಭಾಗಕ್ಕೆ ಯಾವ ಮಣಿ ಅಂತ ಬರೆದು ಸಹಿ ಹಾಕಿಸ್ಕೊಳಿ. ಆ ಹಾಳೆನೇ ಫ್ರೇಮ್ ಪಕ್ಕದಲ್ಲಿ ಇರತ್ತೆ, ಬೇರೆ ಕಾರಿಗರ್ ಕೂತು ಹೊಲಿದ್ರೂ ನಿಮ್ಮನ್ನ ಪದೇಪದೇ ಕೇಳೋ ಹಾಗಿರಲ್ಲ. ಡಿಸೈನ್ ಬಿಡಿಸಿದ್ದಕ್ಕೆ ಬೇರೆ ಚಾರ್ಜ್ ಹಾಕಿ, ಅಡ್ವಾನ್ಸ್ ತಗೊಳೋ ತನಕ ಪೂರ್ತಿ ಫೈಲ್ ಕಳಿಸ್ಬೇಡಿ.

ಖಾಕಾ ಮಡಿಸ್ಬೇಡಿ, ಮಡಿಕೆ ಮೇಲೆ ತೂತು ಸೇರ್ಕೊಂಡು ಹರಿಯತ್ತೆ, ಒರೆಸಿ ಸುರುಳಿ ಸುತ್ತಿ ಹೆಸರು, ಕತ್ತಿನ ಅಳತೆ, ತಿಂಗಳು ಬರೆದು ಇಡಿ. ಕಂಪ್ಯೂಟರಲ್ಲಿ ಎರಡು ಫೈಲ್ ಬೇರೆಬೇರೆ ಇಡಿ, ನೀವು ಬಿಡಿಸಿದ ಬರೀ ಹೂವು ಬಳ್ಳಿ ಒಂದು, ಆ ಕಸ್ಟಮರ್ ಅಳತೆಗೆ ಜೋಡಿಸಿದ್ದು ಇನ್ನೊಂದು. ಅದೇ ಡಿಸೈನ್ ಇನ್ನೊಬ್ರು ಕೇಳಿದಾಗ ಜೋಡಿಸಿದ ಫೈಲನ್ನ ಎಳೆದು ದೊಡ್ಡದು ಮಾಡಿದ್ರೆ ಮಾವಿನಕಾಯಿನೂ ದೊಡ್ಡದಾಗಿ ಒಳಗಿನ ಕುಂದನ್ ಸಣ್ಣ ಕಾಣತ್ತೆ. ಮೊದಲನೇ ಫೈಲ್ ತೆಗೆದು, ಅವರ ಕತ್ತಿಗೆ ಮತ್ತೆ ದಾರ ಇಟ್ಟು ಅಳೆದು, ಎಷ್ಟು ಕೂರತ್ತೋ ಭಾಗಿಸಿ ಹೊಸದಾಗಿ ಜೋಡಿಸಿ.